ಚಿಲಕ ಹಾಕದ ಫ್ಲಾಪಿ

ಲಗ್ನದ ಸೀಜನ್ ನಡುವೆ ಚಿತ್ತಾಪುರದ ಮುದ್ರಣಾಲಯದ ಕಂಪ್ಯೂಟರ್ ನಿಂತುಹೋಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು. ಒಳಗಿದ್ದ ಲಗ್ನಪತ್ರಿಕೆಗಳೆಲ್ಲ ಅಳಿಸಿಹೋಗಿದ್ದವು. ಮಾಲಕರು ಸೇಡಂಗೆ ಫೋನ್ ಮಾಡಿ ನನ್ನನ್ನು ಕರೆಸಿದರು.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸೇಡಂನಿಂದ ಕಲಬುರಗಿಯ ಒಂದು ದಿನಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ವಾರಕ್ಕೊಮ್ಮೆ ಅದೇ ಪತ್ರಿಕೆಗೆ ಕಂಪ್ಯೂಟರ್ ಬಗ್ಗೆ ಅಂಕಣ ಬರೆಯುತ್ತಿದ್ದೆ. ಸುತ್ತಲಿನ ಊರುಗಳಲ್ಲಿ ಕಂಪ್ಯೂಟರ್ ಇದ್ದ ಮನೆ, ಕಚೇರಿಗಳು ಬೆರಳೆಣಿಕೆಯಷ್ಟು. ವರದಿಗೆಂದು ಹೋದಲ್ಲೆಲ್ಲ ಅವುಗಳ ಕಡೆ ಹಣಕಿ ಹಾಕಿ, ವೈರಸ್ ಇದೆಯೇ ಎಂದು ನೋಡಿ ಬರುವುದು ನನ್ನ ರೂಢಿ. ಅದಕ್ಕೆಂದೇ ಚೀಲದಲ್ಲಿ ಒಂದು ಆ್ಯಂಟಿವೈರಸ್ ಫ್ಲಾಪಿ ಇರುತ್ತಿತ್ತು.

ಮುದ್ರಣಾಲಯದಲ್ಲಿ ಡಿಟಿಪಿ ಮಾಡುತ್ತಿದ್ದ ಹೆಣ್ಣುಮಗಳು ಗುಂಡಗುರ್ತಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಅವರ ಮನೆಯಲ್ಲಿ ಮೊದಲು ಸಿಕ್ಕಿದ್ದು ಆಕೆಗೆ. ಅಂದು ಆಕೆ ಆ ಕುರ್ಚಿಯಲ್ಲಿ ಇರಲಿಲ್ಲ. ಕಾಗದ ಕತ್ತರಿಸುವ ಯಂತ್ರದ ಬಳಿ ಸ್ಟೂಲಿನ ಮೇಲೆ ಕೂತಿದ್ದಳು.

ಲಗ್ನಪತ್ರಿಕೆ ಒಯ್ಯಲು ಬಂದವರ ಎದುರೇ ಮಾಲಕರು ಗೋಡೆಯತ್ತ ಕೈ ತೋರಿಸಿದರು. ನನ್ನ ಅಂಕಣವನ್ನು ಕತ್ತರಿಸಿ ಅಂಟಿಸಿದ್ದರು.

"ನೀವ ಬರದದ್ದು ನೋಡ್ರಿ ಸರ. ಹೊರಗಿನ ಫ್ಲಾಪಿ ಒಳಗ ಬಿಡಬ್ಯಾಡ್ರಿ ಅಂತ ದಪ್ಪ ಅಕ್ಷರದಾಗ ಬರದೀರಿ. ಓದಿ ಹೇಳೀನಿ, ಗ್ವಾಡಿಗಿ ಹಚ್ಚೀನಿ. ಆದ್ರೂ ಯಾರದೋ ತಂದು ಹಾಕ್ಯಾಳ."

"ನಾ ಯಾರದೂ ಹಾಕಿಲ್ರಿ," ಎಂದಳು ಆಕೆ.

"ಮತ್ತೇನು, ತಾನ ಬಸ್ ಹತ್ತಿ ಬಂತೇನು?" ಎಂದವರು ನನ್ನತ್ತ ತಿರುಗಿದರು. "ನೀವ ಹೇಳ್ರಿ ಸರ, ಇದು ಹೊರಗಿಂದೇ ಹೌದಲ್ಲೇನು?"

"ಹೌದ್ರಿ, ಹೊರಗಿಂದೇ," ಎಂದೆ.

ಆ ಎರಡು ಮಾತಿಗೆ ನನ್ನಲ್ಲಿ ಆಧಾರವಿರಲಿಲ್ಲ. ಒಂದು ಅಪಘಾತದ ಸುದ್ದಿಯನ್ನು ಇಬ್ಬರನ್ನು ಕೇಳದೆ ನಾನು ಕಳಿಸುತ್ತಿರಲಿಲ್ಲ. ಇಲ್ಲಿ ಒಬ್ಬರನ್ನೂ ಕೇಳದೆ ತೀರ್ಪು ಕೊಟ್ಟಿದ್ದೆ. "ಈ ವಾರ ಮುಗಿಸು ತಂಗಿ, ಮುಂದ ಬರಬ್ಯಾಡ," ಎಂದರು ಮಾಲಕರು. ಆಕೆ ನನ್ನನ್ನು ಒಮ್ಮೆ ನೋಡಿ, ಕತ್ತರಿಸಿದ ಕಾಗದಗಳನ್ನು ಕಟ್ಟು ಕಟ್ಟತೊಡಗಿದಳು.

ಹೊಸ ಸಾಫ್ಟ್‌ವೇರ್ ಎಂದರೆ ನನಗೆ ಆಗ ಎಲ್ಲಿಲ್ಲದ ಆತುರ. ಕಂಪ್ಯೂಟರ್ ಮಾಸಪತ್ರಿಕೆಗಳ ಜೊತೆ ಬರುವ ಸಿಡಿಯನ್ನು ಅಂದೇ ಹಾಕಿ ನೋಡಬೇಕು. ಹೊಸ ಆವೃತ್ತಿ ಬಂದರೆ ಹಳೆಯದನ್ನು ಅಂದೇ ತೆಗೆಯಬೇಕು. ಆ್ಯಂಟಿವೈರಸ್‌ನ ಹೊಸ ಪಟ್ಟಿ ತಿಂಗಳಿಗೊಮ್ಮೆ ಕಲಬುರಗಿಯ ಗೆಳೆಯನೊಬ್ಬನಿಂದ ಬರುತ್ತಿತ್ತು. ಹೊಸ ವೈರಸ್‌ಗಳ ಗುರುತು ಅದರಲ್ಲಿ ಇರುತ್ತಿತ್ತು. ಅದನ್ನು ನನ್ನ ಫ್ಲಾಪಿಗೆ ಬರೆಯಬೇಕಾದರೆ ಮೂಲೆಯಲ್ಲಿರುವ ಪುಟ್ಟ ಚಿಲಕವನ್ನು ಸರಿಸಿ ತೆರೆಯಬೇಕು. ಬರೆದಾದ ಮೇಲೆ ಚಿಲಕ ಹಾಕಬೇಕು. ಚಿಲಕ ಹಾಕಿದ ಫ್ಲಾಪಿಯ ಮೇಲೆ ಯಾವ ವೈರಸ್ಸೂ ತನ್ನನ್ನು ಬರೆದುಕೊಳ್ಳಲಾರದು. ಮುಂದಿನ ತಿಂಗಳು ಹೇಗೂ ತೆರೆಯಬೇಕಲ್ಲ ಎಂದು ನಾನು ಅದನ್ನು ತೆರೆದೇ ಬಿಡುತ್ತಿದ್ದೆ.

ಶನಿವಾರ ಹೊಸ ಪಟ್ಟಿ ಬಂತು. ಮನೆಯ ಕಂಪ್ಯೂಟರಿಗೆ ಅದನ್ನು ಹಾಕಿ, ನನ್ನ ಹಳೆಯ ಫ್ಲಾಪಿಯನ್ನು ಒಳಗಿಟ್ಟೆ. ತಪಾಸಣೆ ಶುರುವಾಗುತ್ತಲೇ ನಿಂತಿತು. ಪರದೆಯ ಮೇಲೆ ಕೆಂಪು ಚೌಕ. ಅದರೊಳಗೆ ಹಿಂದಿನ ತಿಂಗಳ ಪಟ್ಟಿಗೆ ಗೊತ್ತಿಲ್ಲದಿದ್ದ ಒಂದು ವೈರಸ್‌ನ ಹೆಸರು. ಅದು ಇದ್ದದ್ದು ನನ್ನ ಆ್ಯಂಟಿವೈರಸ್ ಫ್ಲಾಪಿಯಲ್ಲಿ.

ಡೈರಿ ತೆಗೆದೆ. ಎಲ್ಲಿಗೆ ಯಾವ ದಿನ ಹೋದೆ ಎಂಬುದು ವೃತ್ತಿಯ ಅಭ್ಯಾಸದಂತೆ ಅದರಲ್ಲಿತ್ತು. ಮೊದಲು ಶಹಾಬಾದ್‌ನಲ್ಲಿ ಕಲ್ಲಿನ ವ್ಯಾಪಾರಿಯ ಕಚೇರಿ, ಆಮೇಲೆ ವಾಡಿಯ ಒಂದು ಶಾಲೆ, ಆಮೇಲೆ, ಯಂತ್ರ ನಿಲ್ಲುವ ಮುಂಚೆ, ಚಿತ್ತಾಪುರದ ಅದೇ ಮುದ್ರಣಾಲಯ, ಕೊನೆಗೆ ಚಿಂಚೋಳಿಯ ವಕೀಲರೊಬ್ಬರ ಮನೆ. ಕಂಪ್ಯೂಟರನ್ನು ಆರಿಸಿ, ಶುದ್ಧವಾದ ಫ್ಲಾಪಿಯಿಂದಲೇ ಮತ್ತೆ ಶುರು ಮಾಡಿ ಪರೀಕ್ಷಿಸಬೇಕೆಂಬುದು ನಿಯಮ. ಶಹಾಬಾದ್‌ನಲ್ಲಿ ಬಸ್ಸಿನ ಹೊತ್ತಾಗಿತ್ತೆಂದು ಓಡುತ್ತಿದ್ದ ಯಂತ್ರಕ್ಕೆ ಫ್ಲಾಪಿಯನ್ನು ಹಾಗೇ ತುರುಕಿದ್ದು ನೆನಪಾಯಿತು; ವೈರಸ್ ಅದಕ್ಕೆ ಹತ್ತಿದ್ದು ಅಲ್ಲೇ ಇರಬೇಕು. ಉಳಿದ ಮೂರು ಕಡೆ ನಿಯಮ ತಪ್ಪದೆ ಅದೇ ಫ್ಲಾಪಿಯಿಂದ ಯಂತ್ರ ಶುರು ಮಾಡಿದ್ದೆ.

ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. ಶಹಾಬಾದ್‌ನ ಯಂತ್ರ ಹಿಂದಿನ ವಾರ ನಿಂತಿತ್ತು. ವಾಡಿಯದು ಅದಾದ ಮೂರು ದಿನಕ್ಕೆ. ಚಿಂಚೋಳಿಯದು ಇನ್ನೂ ನಡೆಯುತ್ತಿತ್ತು; ಅದನ್ನು ಹಚ್ಚಬೇಡಿರೆಂದು ವಕೀಲರಿಗೆ ಹೇಳಿದೆ. ಡೈರಿಯಲ್ಲಿದ್ದ ಕ್ರಮವೇ ಯಂತ್ರಗಳು ನಿಂತ ಕ್ರಮ. ಎರಡನೆಯ ಮೂಲ ಸಿಕ್ಕಿತ್ತು. ಇನ್ನು ಸುದ್ದಿಯನ್ನು ತಡೆಹಿಡಿಯಲು ಕಾರಣ ಉಳಿದಿರಲಿಲ್ಲ.

ಆದರೂ ಅಂದೇ ಹತ್ತಿದ ಚಿತ್ತಾಪುರದ ಬಸ್ಸು ಮಳಖೇಡದಲ್ಲಿ ನಿಂತಾಗ ಇಳಿದು ಹಿಂದಿರುಗಬಹುದು ಅನ್ನಿಸಿತ್ತು. ನಾನು ಹೇಳದಿದ್ದರೆ ಇದು ಯಾರಿಗೂ ತಿಳಿಯುವಂತಿರಲಿಲ್ಲ.

ಮುದ್ರಣಾಲಯದಲ್ಲಿ ಅದು ಆಕೆಯ ಕೆಲಸದ ಕೊನೆಯ ದಿನ. ಇಬ್ಬರೂ ಕೇಳುವಂತೆ ನಿಂತು ಡೈರಿ ತೆರೆದು ದಿನಾಂಕಗಳನ್ನು ಓದಿದೆ. ಮಾಲಕರು ಬಾಗಿ ಡೈರಿಯ ಪುಟವನ್ನು ನೋಡಿದರು.

"ಅಂದ್ರ ಸರ, ಔಷಧ ಕೊಡ್ಲಿಕ್ಕ ಬಂದವರೇ ಬ್ಯಾನಿ ಹಚ್ಚಿ ಹೋದ್ರಿ ಅಂದಂಗಾತು."

"ಹಂಗೇ ಆತ್ರಿ."

"ಹಂಗಾರ ಈ ಗ್ವಾಡಿ ಮ್ಯಾಲಿಂದು ಹರದು ಒಗೀಲೇನು?"

"ಹರೀಬ್ಯಾಡ್ರಿ," ಎಂದಳು ಆಕೆ. "ಅದ್ರಾಗ ಬರದದ್ದು ಖರೇನೇ ಅದ. ಸರಂದೂ ಹೊರಗಿನ ಫ್ಲಾಪಿನೇ." ಆಮೇಲೆ ನನಗೆ ಹೇಳಿದಳು: "ನೀವು ಇಲ್ಲಿ ಹೇಳಿದ್ರಿ, ಛಲೋ ಆತು. ಆದ್ರ ಆವತ್ತು ಲಗ್ನಪತ್ರಾ ತಗೊಳ್ಳಲಿಕ್ಕ ಬಂದವರೆಲ್ಲಾ ನಾನೇ ಕೆಡಿಸೀನಿ ಅಂತ ಕೇಳ್ಕೊಂಡು ಹೋಗ್ಯಾರ. ಅವರಿಗೇನು ಮನಿಮನಿಗಿ ಹೋಗಿ ಹೇಳ್ಲೇನು? ಪೇಪರ್‌ನಾಗ ಬರೀರಿ."

ಬರೆದೆ. ಅಂಕಣಕ್ಕೆ ತಿದ್ದುಪಡಿ ಹಾಕುವ ಪದ್ಧತಿ ಇಲ್ಲ, ಓದುಗರು ನಂಬಿಕೆ ಕಳೆದುಕೊಳ್ಳುತ್ತಾರೆ ಎಂದರು ಸಂಪಾದಕರು. ಹಾಕದಿದ್ದರೆ ಮುಂದಿನ ವಾರ ಅಂಕಣವೇ ಇರುವುದಿಲ್ಲ ಎಂದೆ. ನಾಲ್ಕು ಸಾಲು ಬಂತು: ಚಿತ್ತಾಪುರದ ಮುದ್ರಣಾಲಯದ ಕಂಪ್ಯೂಟರ್ ಕೆಟ್ಟದ್ದು ಅಂಕಣಕಾರನ ಫ್ಲಾಪಿಯಿಂದ, ಅಲ್ಲಿನ ನೌಕರರ ತಪ್ಪಿನಿಂದಲ್ಲ.

ಆಕೆ ತನ್ನ ಕುರ್ಚಿಗೆ ಮರಳಿದಳು. ಹಾರ್ಡ್ ಡಿಸ್ಕನ್ನು ಖಾಲಿ ಮಾಡಿ ಎಲ್ಲವನ್ನೂ ಮೊದಲಿನಿಂದ ತುಂಬಿಸಬೇಕಾಯಿತು. ಲಗ್ನಪತ್ರಿಕೆಗಳ ಹಸ್ತಪ್ರತಿಗಳು ಉಳಿದಿದ್ದವು. ಮೂರು ದಿನ ಆಕೆ ಟೈಪ್ ಮಾಡಿದಳು, ನಾನು ಪಕ್ಕದಲ್ಲಿ ಕೂತು ಪ್ರೂಫ್ ನೋಡಿದೆ. ಮೂರನೆಯ ದಿನ ಮಾಲಕರು, ಆ್ಯಂಟಿವೈರಸ್ ಕಂಪನಿಯ ಪೂರಾ ಹೊಸ ಆವೃತ್ತಿ ಬಂದಿದೆಯಂತೆ, ಹಾಕಿಸೋಣವೇ ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ, ಆಕೆಯನ್ನು.

"ಒಂದ್ ತಿಂಗಳ ತಡೀರಿ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಮೊದ್ಲ ಸರ ತಮ್ಮ ಮನ್ಯಾಗ ಹಾಕಿ ನೋಡ್ಲಿ."

ಪೂರ್ತಿ ಒಪ್ಪುವ ಮಾತಲ್ಲ ಅದು. ವೈರಸ್‌ಗಳ ಪಟ್ಟಿ ಹೊಸದಾಗಿರಲೇಬೇಕು; ತಿಂಗಳು ಕಾಯುವಷ್ಟರಲ್ಲಿ ಊರೂರು ದಾಟುತ್ತವೆ ಅವು. ಆದರೆ ಸಾಫ್ಟ್‌ವೇರ್ ಆವೃತ್ತಿಗಳ ವಿಷಯದಲ್ಲಿ ನಾನು ಅಂದಿನಿಂದ ನಡೆದದ್ದು ಆಕೆಯ ಮಾತಿನಂತೆ. ಮುಂದಿನ ಅಂಕಣದಲ್ಲಿ ಎರಡನ್ನೂ ಬಿಡಿಸಿ ಬರೆದೆ. ಕಾಯಿರಿ ಎಂಬ ಸಲಹೆ ಚಿತ್ತಾಪುರದ ಡಿಟಿಪಿ ಆಪರೇಟರ್ ಒಬ್ಬರದು ಎಂದು ಮೊದಲ ಸಾಲಿನಲ್ಲೇ ಹೇಳಿದೆ.