ಗುರಪ್ಪಣ್ಣ ಕತ್ತರಿಸಿದ ಅಂಚು

ಗುರಪ್ಪಣ್ಣನ ಕಂಪ್ಯೂಟರಿನ ಪರದೆ ಯಾವಾಗ ನೋಡಿದರೂ ಹೆಬ್ಬೆಟ್ಟಿನ ಜಿಡ್ಡಿನಿಂದ ಮಬ್ಬಾಗಿರುತ್ತಿತ್ತು. ಫೋಟೋದೊಳಗಿನ ಮನುಷ್ಯನನ್ನು ಹಿನ್ನೆಲೆಯಿಂದ ಕತ್ತರಿಸಿ ತೆಗೆದಾದ ಮೇಲೆ, ಅವನು ಆ ಅಂಚಿನ ಗುಂಟ ಕಿವಿಯಿಂದ ಹೆಗಲಿಗೆ, ಹೆಗಲಿನಿಂದ ಮೊಣಕೈಗೆ ಹೆಬ್ಬೆಟ್ಟು ಸವರಿ ನೋಡುತ್ತಿದ್ದ. ಪರದೆಯ ಮೇಲೆ ಬೆರಳಿಗೆ ಏನು ಹತ್ತಬೇಕು? ಆದರೂ ಒಂದು ಕಡೆ ಕೈ ನಿಲ್ಲುತ್ತಿತ್ತು. “ಇಲ್ಲಿ ಒರಟ ಐತಿ ನೋಡ ತಂಗಿ,” ಎನ್ನುತ್ತಿದ್ದ. ದೊಡ್ಡದು ಮಾಡಿ ನೋಡಿದರೆ ಖರೆಯೇ, ಗೆರೆ ಅಲ್ಲಿ ಹಲ್ಲು ಹಲ್ಲಾಗಿರುತ್ತಿತ್ತು.

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಹಾಕುವ ಮೊದಲು ಅವನು ಹದಿನಾಲ್ಕು ವರ್ಷ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಚಪ್ಪಡಿಗಳ ಅಂಚು ತಿಕ್ಕಿದವನು. ಅಲ್ಲಿಂದ ತಂದಿದ್ದು ಆ ಹೆಬ್ಬೆಟ್ಟು ಮತ್ತು ಎಂದೂ ಬಿಡದ ಕೆಮ್ಮು. ನಾನು ಬಿ.ಎ. ಮುಗಿಸಿ ಹುನಗುಂದದಿಂದ ದಿನಾ ಬಸ್ಸಿಗೆ ಬಂದು ಅವನ ಹತ್ತಿರ ಮೂರು ವರ್ಷ ಕೆಲಸ ಮಾಡಿದೆ. ಇವತ್ತು ಬಾಗಲಕೋಟೆಯಲ್ಲಿ ಕುಳಿತು ಆನ್‌ಲೈನ್ ಅಂಗಡಿಗಳಿಗೆ ಸೀರೆಯ ಫೋಟೋ ಕತ್ತರಿಸಿ ಹೊಟ್ಟೆ ಹೊರೆಯುತ್ತಿದ್ದರೆ ಅದು ಅವನು ಕಲಿಸಿದ ವಿದ್ಯೆ.

ಕಲಿಸುವಾಗ ಬೈಗುಳ ಜಾಸ್ತಿ, ಮಾತು ಕಡಿಮೆ. ಮನುಷ್ಯನ ಸುತ್ತ ಮೌಸಿನಿಂದ ಚುಕ್ಕಿ ಇಡುತ್ತ ಹೋದರೆ ಅವು ಕೂಡಿ ಕತ್ತರಿಸುವ ಗೆರೆಯಾಗುತ್ತದೆ. “ಚುಕ್ಕಿ ಕಡಿಮಿ ಇಡ. ನೂರ ಚುಕ್ಕಿ ಇಟ್ರ ಗೆರಿ ಕುಂಟತೈತಿ. ಹತ್ತ ಇಡು, ನುಣ್ಣಗ ತಿರಗತೈತಿ.” ಗೆರೆ ಎಳೆಯುವಾಗ ಅಂಚಿನ ಮೇಲೆಯೇ ಹೋದರೆ ತಲೆಗೆ ಮೊಟಕುತ್ತಿದ್ದ. “ಒಂದೆಳಿ ಒಳಗ ನಡಿ. ಇಲ್ಲಾಂದ್ರ ಹಿಂದಿನ ಗ್ವಾಡಿ ಬಣ್ಣ ಮೈಗಿ ಹತ್ಕೊಂಡ ಬರತೈತಿ.” ಕೂದಲು ಒಂದೊಂದಾಗಿ ಕತ್ತರಿಸಹೊರಟರೆ, “ಏನ್ ಹೇನ ಹೆಕ್ಕಾಕ ಕುಂತಿಯೇನ್?” ಎಂದು ನಗುತ್ತಿದ್ದ.

ಮೊಬೈಲಿನಲ್ಲಿ ಒಂದು ಸಲ ಒತ್ತಿದರೆ ಹಿನ್ನೆಲೆ ಮಾಯವಾಗುವ ಕಾಲ ಬಂತು. ಬ್ಯಾನರ್ ಅಂಗಡಿಯ ಬಸಣ್ಣ ಒಮ್ಮೆ ಹಾಗೆಯೇ ಒತ್ತಿ ತೆಗೆದ ಮುಖಂಡರೊಬ್ಬರ ಫೋಟೋ ತಂದು ತೋರಿಸಿ ಜಂಬ ಕೊಚ್ಚಿದ. ಗುರಪ್ಪಣ್ಣ ಕನ್ನಡಕ ಏರಿಸಿ ನೋಡಿದ. “ಭಾಳ ಚಂದ ಬಂದೈತಿ ಬಸಣ್ಣಾ. ಸಾಹೇಬ್ರ ಬಲಗಿವಿ ಮನ್ಯಾಗ ಬಿಟ್ಟ ಬಂದಾರೇನ್?” ಬಸಣ್ಣ ಕುರ್ಚಿ ಎಳೆದುಕೊಂಡ. ಬ್ಯಾನರ್ ಆಗಲೇ ಮೂರು ಕಡೆ ಕಟ್ಟಿಯಾಗಿತ್ತಂತೆ.

ನಮ್ಮಲ್ಲಿ ಹೆಚ್ಚು ಬರುತ್ತಿದ್ದದ್ದು ತೀರಿಕೊಂಡವರ ಫೋಟೋ. ಒಬ್ಬರದೇ ಎಂದು ತೆಗೆಸಿದ ಫೋಟೋ ಎಷ್ಟೋ ಮಂದಿಗೆ ಇರುವುದಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ನಿಂತವರನ್ನು ಬಿಡಿಸಿ ತಂದು, ಹಿಂದೆ ನೀಲಿ ಬಣ್ಣ ಹಾಕಿ, ಚೌಕಟ್ಟಿಗೆ ಕೂರಿಸಬೇಕು. ಶಿರೂರಿನ ಒಬ್ಬ ಹೆಂಗಸು ಗಂಡನದು ತಂದಿದ್ದಳು. ಮುಂದೆ ಯಾರೋ ನಿಂತದ್ದರಿಂದ ಅವನ ಬಲಹೆಗಲು ಮುಚ್ಚಿತ್ತು. ಎಡಹೆಗಲನ್ನೇ ತಿರುಗಿಸಿ ಹಚ್ಚಿದರಾಯಿತು ಎಂದು ನಾನು ಅಂದೆ. ಗುರಪ್ಪಣ್ಣ ನನ್ನ ಕಡೆ ನೋಡಲೂ ಇಲ್ಲ. “ಯವ್ವಾ, ಅವ್ರ ಬಲಹೆಗಲಾ ಹೆಂಗಿತ್ತ?” ಎಂದು ಕೇಳಿದ. ಆಕೆ ಎದ್ದು ನಿಂತು ತನ್ನ ಹೆಗಲನ್ನು ತುಸು ಇಳಿಸಿ ತೋರಿಸಿದಳು. “ಹಿಂಗ ಒಂದೀಟ ಇಳದಿತ್ರಿ, ಚೀಲ ಹೊತ್ತ ಹೊತ್ತ.” ಅವನು ಹಾಗೆಯೇ ಮಾಡಿದ. ಆಕೆ ನೋಡಿ “ಇವ್ರ ನೋಡ್ರಿ” ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಇನ್ನು ನನ್ನ ಮಾತು. ನಮ್ಮ ಮನೆಯಲ್ಲಿ ನನ್ನನ್ನು ಅವ್ವನ ತಮ್ಮನಿಗೆ ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಾನು ಒಲ್ಲೆ ಎಂದೆ. ಬಾಗಲಕೋಟೆಯ, ಬೇರೆ ಜಾತಿಯ ಒಬ್ಬನನ್ನು ರಿಜಿಸ್ಟರ್ ಮದುವೆಯಾದೆ. ಹೊಸ್ತಿಲು ತುಳಿಯಬೇಡ ಎಂದು ಅಪ್ಪ ಹೇಳಿ ಕಳಿಸಿದ. ಎರಡನೇ ವರ್ಷ ನನ್ನ ತಮ್ಮನಿಗೆ ಕನ್ಯೆ ನೋಡಲು ಶುರು ಮಾಡಿದರು. ನಡುಮನೆಯ ಗೋಡೆಯ ಮೇಲೆ ಗೃಹಪ್ರವೇಶದ ದಿನ ಗುರಪ್ಪಣ್ಣನೇ ತೆಗೆದ ನಾಲ್ಕು ಜನರ ಫೋಟೋ ಇತ್ತು. ಬಂದ ಬೀಗರು ‘ಈಕಿ ಯಾರ್ರಿ?’ ಎಂದು ಕೇಳುವುದು ಖಂಡಿತ. ಅದರೊಳಗಿಂದ ನನ್ನನ್ನು ತೆಗೆಸಲು ಅಪ್ಪ ಅದನ್ನು ಗುರಪ್ಪಣ್ಣನ ಹತ್ತಿರವೇ ಒಯ್ದ.

ಇದು ನನಗೆ ತಿಳಿದದ್ದು ಅವ್ವ ಮೊಣಕಾಲು ನೋವಿನಿಂದ ಹಾಸಿಗೆ ಹಿಡಿದಾಗ. “ನಿಮ್ಮಪ್ಪ ಶಿವಯೋಗ ಮಂದಿರಕ್ಕ ಹೋಗ್ಯಾನ, ಸಂಜಿ ತನಕಾ ಬರಂಗಿಲ್ಲ. ಬಂದ ಹೋಗ,” ಎಂದು ಫೋನ್ ಮಾಡಿದಳು. ಹೋದೆ. ಗೋಡೆಯ ಮೇಲೆ ಮೂರೇ ಜನ ಇದ್ದರು. ಹಸಿರು ಬಳೆ ತೊಟ್ಟು, ಅವ್ವನ ತೋಳಿಗೆ ತೋಳು ಹಾಕಿ ನಾನು ನಿಂತಿದ್ದ ಜಾಗಕ್ಕೆ ತಮ್ಮ ಸರಿದು ಬಂದಿದ್ದ. ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಒಂದೂ ಬರಲಿಲ್ಲ. ಸ್ಟೂಲು ಹತ್ತಿ, ಕೆಲಸ ಕಲಿತವಳ ಹಾಗೆ, ಗುರಪ್ಪಣ್ಣ ಎಲ್ಲಿ ತಪ್ಪಿದ್ದಾನೆ ಎಂದು ಹುಡುಕತೊಡಗಿದೆ. ನನ್ನ ತೋಳಿನ ಕೆಳಗೆ ಮುಚ್ಚಿದ್ದ ಅವ್ವನ ಸೆರಗನ್ನು ನಿರಿಗೆ ಸಮೇತ ಹೊಸದಾಗಿ ಬರೆದಿದ್ದ. ನೆಲದ ಮೇಲಿನ ನನ್ನ ನೆರಳನ್ನೂ ತೆಗೆದಿದ್ದ. ಹಾಸಿಗೆಯಿಂದ ಅವ್ವ, “ಎಷ್ಟೊತ್ತ ನೋಡ್ತಿ? ಇಳಿ, ಚಾ ಆರತೈತಿ,” ಎಂದಳು. ಇಳಿದು ಕುಡಿದೆ. ಬಸ್ಸಿನಲ್ಲಿ ಕೂತಾಗಲೂ ಏನೂ ಅನ್ನಿಸಲಿಲ್ಲ.

ಗುರಪ್ಪಣ್ಣ ತೀರಿಕೊಂಡು ಈಗ ಏಳು ತಿಂಗಳು. ಅದಕ್ಕೆ ಹದಿನೈದು ದಿನ ಮುಂಚೆ ಅವನನ್ನು ಬಾಗಲಕೋಟೆಯ ಒಂದು ದವಾಖಾನೆಗೆ ಸೇರಿಸಿದ್ದರು. ಕಲ್ಲಿನ ಪುಡಿ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮೂಗಿಗೆ ನಳಿಗೆ ಹಾಕಿದ್ದರು. ನೋಡಲು ಹೋದ ನನ್ನನ್ನು ಕಂಡವನೇ ಹೆಂಡತಿಯನ್ನು ಹೊರಗೆ ಕಳಿಸಿದ.

“ಫೋಟೋ ನೋಡಿದೇನ್ ತಂಗಿ?”

“ನೋಡಿದೆರಿ.”

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. “ನಿಮ್ಮಪ್ಪ ಮಗ್ಗಲಕ್ಕ ಕುರ್ಚಿ ಹಾಕ್ಕೊಂಡ ಕುಂತಿದ್ದ. ಒಲ್ಲೆ ಅನ್ನಾಕ ನನಗ ಬಾಯಿ ಬರಲಿಲ್ಲ. ಆದ್ರ ಪೂರಾ ತಗೀಬಾರದು, ಎಲ್ಲರೆ ಒಂದ ಕಡೆ ಕೆಡಸೂಣು ಅನ್ಕೊಂಡೆ. ನಿಮ್ಮವ್ವನ ಸೆರಗಿನಾಗ ನಿನ್ನ ಹಸರ ಬಳಿ ಒಂದೀಟ ಉಳಸೂಣು, ಅವಂಗೇನ್ ಕಾಣತೈತಿ ಅಂತ.”

“ಹೂಂರಿ.”

“ಎರಡ ಸಲ ಉಳಸಿದೆ. ಎರಡೂ ಸಲ ಕೈ ತಾನ ಹೋಗಿ ಒರಸಿಬಿಡ್ತು. ಕೆಡಸಾಕ ಬರಲಿಲ್ಲ ನನಗ, ತಂಗಿ.”

ಏನಾದರೂ ಹೇಳಬೇಕಿತ್ತು. ಹುಡುಕಿದರೆ ಒಳಗೆ ಒಂದೇ ಮಾತಿತ್ತು, ಅದೂ ಸುಳ್ಳಲ್ಲ.

“ಚೊಲೋ ಆಗೇತ್ರಿ ಅಣ್ಣಾ. ಎಲ್ಲೂ ಗುರುತ ಹತ್ತಂಗಿಲ್ಲ.”

ಗುರಪ್ಪಣ್ಣ ಗೋಡೆಯ ಕಡೆ ಮುಖ ಮಾಡಿ ಅಳತೊಡಗಿದ. ಕೆಮ್ಮು ಬಂತು, ನಳಿಗೆ ಜಾರಿತು, ನರ್ಸ್ ಓಡಿ ಬಂದು ನನ್ನನ್ನು ಬೈದಳು, “ಪೇಶಂಟಿಗಿ ಏನ್ ಹೇಳಿದ್ರಿ ನೀವು? ಮನಿಯವ್ರ ಏನ್ ನೀವು?”

ನಾನು ಅಲ್ಲ ಎಂದು ಹೇಳಿ ಹೊರಗೆ ಬಂದೆ.