ಶಾರದತ್ತೆ ತೆಗೆದುಹಾಕಿದ ಹಳೆಯ ಹೆಸರುಗಳು

ನನ್ನ ಅಕ್ಷರ ದುಂಡಗಿಲ್ಲ. ಮಾತು ಜೋಡಿಸುವುದೂ ಸರಿಯಾಗಿ ಬರುವುದಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಗ್ರಂಥಾಲಯದ ಕೈಬರಹದ ಪತ್ರಿಕೆಗೆ ಊರಿನ ಯಾರಾದರೊಬ್ಬರ ಬಗ್ಗೆ ಬರೆದುಕೊಡು ಎಂದು ಅಲ್ಲಿನವರು ಕೇಳಿದಾಗ ನನಗೆ ಅತ್ತೆಯನ್ನು ಬಿಟ್ಟು ಬೇರೆ ಯಾರೂ ಹೊಳೆಯಲಿಲ್ಲ. ಚಿತ್ತು ಇರಬಾರದೆಂದು ಇದನ್ನು ಮತ್ತೊಮ್ಮೆ ಬರೆಯುತ್ತಿದ್ದೇನೆ. ಆದರೂ ಓದಲು ತೊಡಕಾದರೆ ದಯವಿಟ್ಟು ಕ್ಷಮಿಸಿ.

ಶಾರದಮ್ಮ ನನ್ನ ಅಪ್ಪನ ತಂಗಿ. ಮೊಳಕಾಲ್ಮೂರಿನ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ನಾನು ಚಳ್ಳಕೆರೆಯಿಂದ ಬಂದು ಅವರ ಹತ್ತಿರ ಮಗ್ಗ ಕಲಿಯುತ್ತಿದ್ದೇನೆ. ಮಧ್ಯಾಹ್ನ ಉಂಡ ಮೇಲೆ ಬೇರೆಯವರು ಸ್ವಲ್ಪ ಅಡ್ಡಾಗುತ್ತಾರೆ. ಅತ್ತೆ ಮಾತ್ರ ಹಳೆಯ ಲ್ಯಾಪ್‌ಟಾಪ್ ತೆರೆದು ವಿಕಿಗೆ ಬರೆಯಲು ಕೂರುತ್ತಾರೆ. ವಿಕಿ ಎಂದರೆ ಯಾರು ಬೇಕಾದರೂ ಬರೆದು ತಿದ್ದಬಹುದಾದ, ಇಂಟರ್‌ನೆಟ್‌ನಲ್ಲಿರುವ ವಿಶ್ವಕೋಶ. ಅದನ್ನು ಅವರಿಗೆ ಹೇಳಿಕೊಟ್ಟವರು ಚಳ್ಳಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ವಿಶ್ವನಾಥ್.

ಅತ್ತೆ ಮೊದಲು ಬರೆದದ್ದು ನಮ್ಮ ತಾಲೂಕಿನ ಬ್ರಹ್ಮಗಿರಿ ಬೆಟ್ಟದ ಬಗ್ಗೆ. ಊರು, ಕೋಟೆ, ಬೆಳೆ, ಹಕ್ಕಿಗಳ ವಿವರವೆಲ್ಲ ಇರುವ, ಬ್ರಿಟಿಷರ ಕಾಲದ ಒಂದು ಜಿಲ್ಲಾ ವಿವರಣೆಯ ಸಂಪುಟಗಳಿಂದ ವಿಷಯ ತೆಗೆದುಕೊಂಡಿದ್ದರು. ಅವುಗಳ ಕೃತಿಸ್ವಾಮ್ಯದ ಅವಧಿ ಮುಗಿದು ಈಗ ಅವು ಎಲ್ಲರ ಸ್ವತ್ತು. ಆದರೆ ಅವರು ಬರೆದ ಸಾಲುಗಳನ್ನು ಯಾರೋ ಅಳಿಸಿಹಾಕಿದರು. ಆಧಾರ ಎಂದು ಪುಸ್ತಕದ ಹೆಸರಷ್ಟೇ ಇತ್ತು, ಯಾವ ಸಂಪುಟ, ಯಾವ ಪುಟ ಎಂಬುದು ಇರಲಿಲ್ಲ. ಇಂಥ ಆಧಾರವನ್ನು ತೋರಿಸಲು ವಿಕಿಯಲ್ಲಿ ಒಂದು ಅಚ್ಚು ಇರುತ್ತದೆ, ಟೆಂಪ್ಲೇಟು ಎನ್ನುತ್ತಾರೆ. ಅಚ್ಚು ಒಂದೇ, ಅದನ್ನು ನೂರಾರು ಪುಟಗಳು ಬಳಸುತ್ತವೆ. ಆ ಅಚ್ಚೇ ಅರೆಬರೆಯಾಗಿತ್ತು, ಏನು ತುಂಬಿದರೂ ಪುಸ್ತಕದ ಹೆಸರನ್ನಷ್ಟೇ ತೋರಿಸುತ್ತಿತ್ತು.

ಅತ್ತೆ ಅದನ್ನು ಸರಿಮಾಡಲು ಹಿಡಿದರು. ಸಂಪುಟ, ಪುಟ, ಅಧ್ಯಾಯದ ಹೆಸರು ಎಲ್ಲವೂ ಕಾಣಬೇಕು, ಒತ್ತಿದರೆ ಹಳೆಯ ಪುಸ್ತಕದ ಅದೇ ಹಾಳೆ ತೆರೆಯಬೇಕು. ಬೇಸಿಗೆಯಿಡೀ ಅದೇ ಕೆಲಸ. ಹಳೆಯ ಅಚ್ಚಿನಲ್ಲಿ ‘ಭಾಗ’ ಎಂದಿದ್ದ ಖಾನೆಗೆ ‘ಸಂಪುಟ’ ಎಂದು ಹೆಸರಿಟ್ಟರು, ಇನ್ನು ಕೆಲವು ಖಾನೆಗಳ ಹೆಸರನ್ನೂ ಹೀಗೆಯೇ ಬದಲಿಸಿದರು. ನಮ್ಮ ತಾಲೂಕಿನ ಮತ್ತು ಚಳ್ಳಕೆರೆ ಕಡೆಯ ಊರುಗಳ ಪುಟಗಳಲ್ಲೆಲ್ಲ ಹೊಸ ಹೆಸರು ಹಾಕಿದರು. ಅದು ಮುಗಿದ ಮೇಲೆ ಹಳೆಯ ಹೆಸರುಗಳನ್ನು ಅಚ್ಚಿನಿಂದ ತೆಗೆದುಹಾಕಿದರು.

ಮಾರನೆಯ ದಿನ ನಾವು ಮಗ್ಗದ ಮುಂದೆ ಕೂತಿದ್ದಾಗ ವಿಶ್ವನಾಥ್ ಫೋನ್ ಮಾಡಿದರು.

“ಶಾರದಕ್ಕ, ಏನ್ ಮಾಡಿದ್ರಿ? ಎಲ್ಲಾ ಕಡೆ ಆಧಾರ ತಪ್ಪೈತೆ ಅಂತ ಕೆಂಪು ಸಾಲು ಬರ್ತೈತೆ. ಕಾಗೆ, ಗುಬ್ಬಿ, ಜೋಳ, ಯಾವ್ದೋ ಊರಿನ ಕೋಟೆ, ಒಂದನ್ನೂ ಬಿಟ್ಟಿಲ್ಲ.”

“ನಾನು ಎಲ್ಲಾ ಬದಲಾಯ್ಸೀನಲ್ಲ ಸಾರ್!”

“ನಿಮಗೆ ಗೊತ್ತಿರೋವು ಬದಲಾಯ್ಸೀರಿ. ಮಿಕ್ಕವು?”

ನನಗೆ ಆಗ ಅರ್ಥವಾಯಿತು. ಮಗ್ಗದಲ್ಲಿ ಉದ್ದೆಳೆಗಳ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಗಂಟು ಹಾಕುತ್ತೇವೆ. ಕೊನೆಯ ಗಂಟು ಬಿದ್ದ ಮೇಲೆ ಹಳೆಯ ತುದಿಯನ್ನು ಕತ್ತರಿಸಬಹುದು, ಏಕೆಂದರೆ ಎಲ್ಲ ಎಳೆಗಳೂ ಕಣ್ಣ ಮುಂದೆಯೇ ಇರುತ್ತವೆ. ಅತ್ತೆ ವಿಕಿಯಲ್ಲಿಯೂ ಹಾಗೆಯೇ ಮಾಡಿದ್ದರು. ಕಾಣದ ಎಳೆಗಳು ಇನ್ನೂ ಎಷ್ಟೋ ಇದ್ದವು.

“ಸಂಜೆಯೊಳಗೆ ಸರಿಹೋಗ್ದಿದ್ರೆ ವಿಕಿ ನೋಡ್ಕೊಳ್ಳೋ ನಿರ್ವಾಹಕರು ಹಳೇ ಅಚ್ಚನ್ನೇ ಹಾಕಿ ಅದಕ್ಕೆ ಬೀಗ ಜಡೀತಾರಂತೆ. ಆಮೇಲೆ ನೀವೂ ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ. ನೀವೇ ಹಿಂದಕ್ಕೆ ತಿರುಗ್ಸಿಬಿಡ್ರಿ” ಎಂದರು ವಿಶ್ವನಾಥ್.

“ಬೇಸಿಗೆಯಿಡೀ ಮಾಡಿದ್ದನ್ನ ಒಂದೇ ಏಟಿಗೆ ತೆಗೀಲಾ? ಈಗ್ಲೇ ಸರಿಮಾಡ್ತೀನಿ ತಡೀರಿ.”

ಅತ್ತೆ ಮಗ್ಗದಿಂದ ಎದ್ದು ಲ್ಯಾಪ್‌ಟಾಪ್ ಮುಂದೆ ಕೂತರು. ನಾನು ಪಕ್ಕದಲ್ಲಿ ಕೂತು, ಕೆಟ್ಟ ಪುಟಗಳನ್ನು ಫೋನಿನಲ್ಲಿ ಒಂದೊಂದಾಗಿ ತೆರೆದು ಏನು ಕಾಣುತ್ತದೆಂದು ಓದಿ ಹೇಳತೊಡಗಿದೆ. ಪಕ್ಕದ ಮನೆಯ ಸೂರಮ್ಮಜ್ಜಿ ಬಾಗಿಲಲ್ಲಿ ಇಣುಕಿದರು.

“ಏಮಮ್ಮಾ ಶಾರದಾ, ಮಗ್ಗಂ ಆಗಿಪೋಯಿಂದೇ! ಆ ಪೆಟ್ಟಿಗೇಲೇ ಸೀರೆ ನೇಯ್ತೀಯೇನೆ?”

ಮಗ್ಗ ನಿಂತುಹೋಗಿದೆ ಎಂದು ಅಜ್ಜಿ ತೆಲುಗಿನಲ್ಲಿ ಹಂಗಿಸಿದ್ದು. ಒಳಗಿನಿಂದ ಅತ್ತೆಯ ಗಂಡ ನಾಗಭೂಷಣ ಮಾವ, “ನೇಯ್ಲಿ ಬಿಡಜ್ಜಿ, ಅದರ ಸೆರಗು ನಿಂಗೇ ಕೊಡಿಸ್ತೀನಿ” ಎಂದರು. ಅತ್ತೆಗೆ ನಗು ಬರಲಿಲ್ಲ.

ಅತ್ತೆ ಹಳೆಯ ಹೆಸರುಗಳನ್ನು ಅಚ್ಚಿಗೆ ಮತ್ತೆ ಸೇರಿಸಿ ಸೇವ್ ಮಾಡಿದರು. ಕೆಂಪು ಸಾಲು ಹೋಯಿತು. “ಹೋಯ್ತತ್ತೆ!” ಎಂದು ಕೂಗಿದೆ. ಆಮೇಲೆ ಇನ್ನೊಂದು ಪುಟ ತೆರೆದೆ. ‘ಈ ಲೇಖನದಲ್ಲಿ ಹಳೆಯ ಪುಸ್ತಕದ ಮಾತುಗಳನ್ನೇ ಬಳಸಲಾಗಿದೆ’ ಎಂಬ ಸಾಲು ಅಲ್ಲಿ ಬಂದಿತ್ತು. ಅದು ಪುಸ್ತಕದಿಂದ ಇದ್ದ ಹಾಗೆಯೇ ತೆಗೆದುಕೊಂಡ ಕಡೆ ಮಾತ್ರ ಬರಬೇಕಾದ ಸಾಲು. ಅತ್ತೆ ಅವಸರದಲ್ಲಿ ತಿದ್ದಿದ್ದರಿಂದ ಈಗ ಸ್ವಂತ ಮಾತಿನಲ್ಲಿ ಬರೆದವರ ಪುಟಗಳಲ್ಲೂ ಕಾಣುತ್ತಿತ್ತು.

ಚರ್ಚೆಯ ಪುಟದಲ್ಲಿ ಆಗಲೇ ಯಾರೋ ಬರೆದಿದ್ದರು: ‘ನಾನು ಊರೂರು ತಿರುಗಿ ಬರೆದ ಲೇಖನ ಇದು. ನಕಲು ಮಾಡಿದ್ದೇನೆಂದು ಹೇಳಲು ನೀವು ಯಾರು?’

ನಾನು ಓದಿದ್ದು ಕೇಳಿ ಅತ್ತೆಯ ಬೆರಳು ನಿಂತವು.

“ಮತ್ತೊಂದ್ ಸಲ ಓದು.”

ಓದಿದೆ.

“ಇನ್ನೊಂದ್ ಅರ್ಧ ಗಂಟೆ ಸಿಕ್ಕಿದ್ರೆ ಸರಿಮಾಡ್ಬೋದು” ಎಂದರು, ತಮಗೇ ಹೇಳಿಕೊಳ್ಳುವಂತೆ.

ನಾನು ದೊಡ್ಡವರಿಗೆ ಎದುರು ಮಾತಾಡುವವಳಲ್ಲ. ಆದರೂ ಹೇಳಿದೆ, “ಅಲ್ಲೀತಂಕ ಅವ್ರು ಕಳ್ರು ಅಂತ್ಲೇ ಕಾಣ್ತೈತತ್ತೆ.”

ಅತ್ತೆ ನನ್ನ ಮುಖ ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಅಚ್ಚಿನ ಹಿಂದಿನ ರೂಪಗಳೆಲ್ಲ ಸಿಗುವ ಇತಿಹಾಸದ ಪುಟ ತೆರೆದು, ತಾವು ಕೈ ಹಾಕುವುದಕ್ಕೆ ಮೊದಲು ಅದು ಹೇಗಿತ್ತೋ ಹಾಗೆ ತಿರುಗಿಸಿದರು. ಒಂದೇ ಒತ್ತು, ಬೇಸಿಗೆಯ ಕೆಲಸವೆಲ್ಲ ಮರೆಯಾಯಿತು. ನಮ್ಮ ಕಡೆಯ ಊರುಗಳ ಪುಟಗಳಿಗೂ ಹಳೆಯ ಹೆಸರನ್ನೇ ಮತ್ತೆ ಹಾಕಿದರು. ಚರ್ಚೆಯ ಪುಟದಲ್ಲಿ ಬರೆದರು: ‘ತಪ್ಪು ನನ್ನದು. ಎಲ್ಲ ಪುಟ ನೋಡದೆ ಹಳೆಯ ಹೆಸರು ತೆಗೆದೆ. ನಾನೇ ಹಿಂದಕ್ಕೆ ತಿರುಗಿಸಿದ್ದೇನೆ. ನೊಂದವರು ಮನ್ನಿಸಬೇಕು.’

ಆಮೇಲೆ ಹೋಗಿ ಮಗ್ಗದಲ್ಲಿ ಕೂತರು. ಎಳೆ ಹರಿಯಿತು. ಕಟ್ಟಿದರು, ಮತ್ತೆ ಹರಿಯಿತು. ಮಾವ ಚಹಾ ತಂದಿಟ್ಟರು. ನಾನು ಫೋನ್ ಹಿಡಿದೇ ಇದ್ದೆ. ಹೊತ್ತು ಇಳಿಯುವಾಗ ನಿರ್ವಾಹಕರ ಉತ್ತರ ಬಂತು. ಬೀಗ ಹಾಕುವುದಿಲ್ಲ, ಆದರೆ ಹೊಸ ಅಚ್ಚನ್ನು ಮೊದಲು ಯಾವ ಲೇಖನಕ್ಕೂ ತಾಗದ ಪ್ರಯೋಗದ ಪುಟದಲ್ಲಿ ಇಡಬೇಕು, ಹಳೆಯ ಹೆಸರುಗಳೂ ಅದರಲ್ಲಿ ಕೆಲಸ ಮಾಡಬೇಕು, ಬಳಸುವ ಎಲ್ಲ ಪುಟಗಳನ್ನೂ ನೋಡಿದ ಮೇಲೆಯೇ ಬದಲಾಯಿಸಬೇಕು.

“ಎಲ್ಲಾ ಪುಟ ಅಂದ್ರೆ ಎಷ್ಟಾಗ್ತಾವೇ ಶಿಲ್ಪಾ?” ಎಂದು ಅತ್ತೆ ಮಗ್ಗದಿಂದಲೇ ಕೇಳಿದರು.

“ಭಾಳ ಆಗ್ತಾವತ್ತೆ.”

“ನನ್ನೊಬ್ಳ ಕೈಲಿ ಆಗಾಕಿಲ್ಲ.”

ಇದು ಮೊನ್ನೆಯ ಮಾತು. ನಾಳೆ ಮಧ್ಯಾಹ್ನ ಅತ್ತೆ ಪ್ರಯೋಗದ ಪುಟದಲ್ಲಿ ಅಚ್ಚನ್ನು ಮತ್ತೆ ಕಟ್ಟಲು ಕೂರುತ್ತಾರೆ. ನಾನು ಅದನ್ನು ಬಳಸುವ ಪುಟಗಳನ್ನು ಒಂದೊಂದಾಗಿ ತೆರೆಯುತ್ತೇನೆ, ಯಾವುದರಲ್ಲಿ ಪುಸ್ತಕದ ಮಾತೇ ಇದೆ, ಯಾವುದರಲ್ಲಿ ಇಲ್ಲ ಎಂದು ಓದಿ ನೋಡುತ್ತೇನೆ. ಹಕ್ಕಿಗಳ ಪುಟಗಳಿಂದ ಶುರುಮಾಡುತ್ತೇನೆ.