ಮೇಷ್ಟ್ರ ಹೊಸ ಹಲ್ಲು, ಮೇಲಿನ ಷಡ್ಜ

ನಮ್ಮ ಕೊಳಲು ಮೇಷ್ಟ್ರ ಕೆಳಸಾಲಿನ ನಾಲ್ಕು ಹಲ್ಲು ಕೀಳಿಸಿದ ಪುಣ್ಯಾತ್ಗಿತ್ತಿ ನಾನೇ. ಅವು ಅಲ್ಲಾಡುತ್ತಿದ್ದವು. ಒಸಡು ಊದಿಕೊಂಡು ಅವರು ಮೂರು ದಿನದಿಂದ ಬರೀ ಗಂಜಿ ಕುಡಿಯುತ್ತಿದ್ದರು. “ಕೀಳಿಸಿಬಿಡಿ ಮೇಷ್ಟ್ರೇ, ಈಗೆಲ್ಲ ಹೊಸ ಹಲ್ಲು ಕಟ್ತಾರೆ” ಎಂದು ದೊಡ್ಡ ತಿಳಿದವಳ ಹಾಗೆ ಹೇಳಿ ಚಾಮರಾಜನಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೊಳಲು ಕೂರುವುದು ಕೆಳತುಟಿಯ ಮೇಲೆ, ಆ ತುಟಿಗೆ ಒತ್ತಾಸೆಯಾಗಿರುವುದು ಆ ಹಲ್ಲುಗಳೇ ಎಂಬುದು ಹನ್ನೊಂದು ವರ್ಷ ಕಲಿತ ನನಗೆ ಹೊಳೆಯಲೇ ಇಲ್ಲ. ಅವರಿಗೆ ಹೊಳೆದಿರಬೇಕು. ಆದರೆ ನೋವು ಅಷ್ಟಿತ್ತು, ಸುಮ್ಮನೆ ಬಾಯಿ ತೆರೆದರು.

ಮೇಷ್ಟ್ರು ಉಮ್ಮತ್ತೂರಿನವರು. ಬೆಳಿಗ್ಗೆ ಹೊಲದ ಕೆಲಸ ಮುಗಿಸಿ ಬಸ್ಸಿನಲ್ಲಿ ಬಂದು ಚಾಮರಾಜನಗರದ ಬಾಡಿಗೆ ಕೋಣೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ನಾನು ಗುಂಡ್ಲುಪೇಟೆಯಿಂದ ಹೋಗುತ್ತಿದ್ದೆ. ಮೊದಲ ಐದು ತಿಂಗಳು ಒಂದೇ ಸ್ವರ, ಷಡ್ಜ. ಬಸ್ಸಿನಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಬಂದು ‘ಸ’ ಎಂದು ಊದಿ ವಾಪಸು ಹೋಗುವುದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಕೊಳಲನ್ನು ಚಾಪೆಯ ಮೇಲೆ ಒಗೆದೆ. ಅವರು ಅದನ್ನು ಎತ್ತಿಕೊಂಡು ಪಂಚೆಯಲ್ಲಿ ಒರೆಸಿ, “ಬಿದಿರಿನ ಮ್ಯಾಲೆ ಯಾಕಮ್ಮಿ ಸಿಟ್ಟು? ಒಂದ್ ಕಾಫಿ ಕುಡ್ಕಂಡು ಬಾ ಓಗು” ಎಂದರು. ಅವರೂ ರೇಗಿದ್ದರೆ ನಾನು ಅವತ್ತೇ ಬಿಟ್ಟುಬಿಡುತ್ತಿದ್ದೆ.

ಗಾಯ ಮಾಯ್ದ ಮೇಲೆ ಹೊಸ ಹಲ್ಲು ಕೂರಿಸಿದರು. ಮುಂದಿನ ತಿಂಗಳು ಗುಂಡ್ಲುಪೇಟೆಯಲ್ಲಿ ಮೇಷ್ಟ್ರ ಕಛೇರಿ ಇತ್ತು. ನಮ್ಮೂರಿನಲ್ಲಿ ಅವರ ಮೊದಲ ಕಛೇರಿ, ಓಡಾಡಿ ಏರ್ಪಾಡು ಮಾಡಿದವಳೂ ನಾನೇ. ಹಾಗಾಗಿ ಹಲ್ಲು ಹೇಗೆ ಕಾಣುತ್ತದೆಂದು ನೋಡಲು ಅವರಿಗೆ ಕನ್ನಡಿ ಬೇಕಿರಲಿಲ್ಲ, ಊದಲು ಬರುತ್ತದೆಯೇ ಎಂಬುದಷ್ಟೇ ಬೇಕಿತ್ತು. ಕ್ಲಿನಿಕ್ಕಿನ ಕುರ್ಚಿಯಲ್ಲೇ ಚೀಲದಿಂದ ಕೊಳಲು ತೆಗೆದು ಊದಿದರು. ಬರೀ ಗಾಳಿ ಬಂತು. ಡಾಕ್ಟರು ಹಲ್ಲಿನ ಸೆಟ್ಟಿನ ಅಂಚು ಉಜ್ಜಿ ಕೊಟ್ಟರು. ಮತ್ತೆ ಊದಿದರು, ಸ್ವರಕ್ಕಿಂತ ಗಾಳಿಯೇ ಹೆಚ್ಚು ಬಂತು. ನನ್ನ ಕಡೆ ತಿರುಗಿದರು.

“ಎಂಗದೆ?”

“ಚೆನ್ನಾಗಿದೆ ಮೇಷ್ಟ್ರೇ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮೇಲೆ ಕೆರಳಿದರು. “ಡಾಕ್ಟ್ರು ಬಾಯಿ ನೋಡ್ತಾರೆ, ಕೇಳಾದು ನೀನು. ನೀನೇ ಸುಳ್ಳು ಯೋಳುದ್ರೆ ನಾನು ಇನ್ಯಾರ್ನ ಕೇಳನ?”

ಅವಮಾನಕ್ಕೆ ಕಣ್ಣು ತುಂಬಿತು. ಆಮೇಲೆ ನಾಲ್ಕು ಸಲ ಅದೇ ಕ್ಲಿನಿಕ್ಕಿಗೆ ಹೋದೆವು. ಅವರು ಊದುವುದು, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಡಾಕ್ಟರು ಉಜ್ಜುವುದು. ಹೊರಗೆ ಹಲ್ಲುನೋವಿನವರು ನೋವು ಮರೆತು ಬಾಗಿಲಲ್ಲಿ ಇಣುಕುತ್ತಿದ್ದರು. ಕೆಳಗಿನ ಮಂದ್ರಸ್ಥಾಯಿ ಬಂತು, ಮಧ್ಯಸ್ಥಾಯಿ ಬಂತು. ಕೊನೆಯ ಸಲ ಅವರು ಮೇಲಿನ ಷಡ್ಜಕ್ಕೆ ಹೋದರು, ಸ್ವರ ಸೀಳಿತು. ಇನ್ನೊಮ್ಮೆ ಹೋದರು, ಮತ್ತೆ ಸೀಳಿತು. ಅವರು ಕಾಯುತ್ತಿದ್ದರು.

“ಮೇಲಿನ ಷಡ್ಜ ನಿಲ್ಲಲ್ಲ ಮೇಷ್ಟ್ರೇ. ಇನ್ನು ನಿಲ್ಲುತ್ತೆ ಅಂತ ನನಗೆ ಅನ್ನಿಸೋದೂ ಇಲ್ಲ.”

ಅವರು ಕೊಳಲನ್ನು ಪಂಚೆಯಲ್ಲಿ ಒರೆಸಿ ಚೀಲದಲ್ಲಿಟ್ಟರು. ಆಮೇಲೆ, “ಆಯ್ತು ಬುಡು. ಡಾಕ್ಟ್ರೇ, ಇನ್ ಉಜ್ಬ್ಯಾಡಿ, ರೊಟ್ಟಿ ಅಗಿಯಕ್ಕೂ ಅಲ್ಲು ಬೇಕು” ಎಂದು ಎದ್ದರು. ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ಒಟ್ಟಿಗೆ ನಡೆದೆವು. ಕಛೇರಿ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಬಸ್ಸು ಹತ್ತಿ ಕುಳಿತ ಮೇಲೆ ಕಿಟಕಿಯಿಂದ, “ನಿನ್ ಕೊಳಲೂ ತಕ್ಕಂಡು ಬಾ ಕಣಮ್ಮಿ” ಎಂದರು.

ಕಛೇರಿಯಲ್ಲಿ ಅವರ ಪಕ್ಕ ಕುಳಿತೆ. ಆಲಾಪನೆಯನ್ನು ಅವರು ಕೆಳಗೇ ಬೆಳೆಸಿದರು, ಅಷ್ಟು ನಿಧಾನವಾಗಿ ಊದಿದ್ದನ್ನು ನಾನು ಕೇಳಿರಲಿಲ್ಲ. ರಾಗ ಮೇಲಕ್ಕೆ ಹೋಗಬೇಕಾದ ಕಡೆ ಕೊಳಲು ಇಳಿಸಿ ನನ್ನ ಕಡೆ ನೋಡಿದರು. ಅಳುವುದಕ್ಕೂ ಹೊತ್ತಿರಲಿಲ್ಲ. ಊದಿದೆ. ಷಡ್ಜ ನಿಂತಿತು. ಅವರು ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು.

ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ವೇದಿಕೆಯ ಹತ್ತಿರ ಬಂದರು. “ನಂಗೆ ಕಣ್ಣು ಅಷ್ಟು ಕಾಣಾಕಿಲ್ಲ. ಆ ಮ್ಯಾಲಿನ ಸ್ವರ ಊದ್ದೋರು ಯಾರು?”

“ನಾನೇಯ ಕಣಪ್ಪ” ಎಂದರು ಮೇಷ್ಟ್ರು.

ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.